ಹುಳಿಯ ಕೊಳಗಕ್ಕೆ ಬಿದ್ದ ಬೀಗದಕೈ

ಕಾಮಾಕ್ಷಿಗೆ ಸಿಟ್ಟು ಬಂದ ದಿನ ಬಿಸಿಬೇಳೆಬಾತ್ ಅದ್ಭುತವಾಗಿ ಆಗುತ್ತದೆ ಎಂಬುದು ಅವಳ ಗಂಡ ರಾಘವೇಂದ್ರನ ಅನುಭವ. ಆ ಭಾನುವಾರ ಟೋಕಿಯೋದ ತೊಯೋಸುವಿನ ಅವರ ಫ್ಲಾಟಿನಲ್ಲಿ ಎದ್ದ ಘಮಕ್ಕೆ ಅವನು ಹೆದರಿಯೇ ಹೋದ. ಲಿಫ್ಟಿನಲ್ಲಿ ಸಿಕ್ಕ ಜಪಾನೀ ನೆರೆಯವರು ಮೂಗರಳಿಸಿ ನಕ್ಕರೂ ಅವನಿಗೆ ನಗು ಬರಲಿಲ್ಲ.

ಸಿಟ್ಟಿಗೆ ಕಾರಣ ಹಿಂದಿನ ದಿನ ಬಂದ ಫೋನು. ಬೆಂಗಳೂರಿನ ಧಾರಾವಾಹಿ ನಿರ್ದೇಶಕ ಗಿರಿಧರ್ ಸಿನಿಮಾದ ಹಾಡೊಂದಕ್ಕೆ ಜಾಗ ನೋಡಲು ನಿರ್ಮಾಪಕ ತಿಮ್ಮಪ್ಪನವರ ಜೊತೆ ಟೋಕಿಯೋಗೆ ಬಂದಿದ್ದ. ಬಂದವನು ಕಾಮಾಕ್ಷಿಯ ಅಪಾರ್ಟ್‌ಮೆಂಟಿನ ಪಾರ್ಟಿ ರೂಮಿನಲ್ಲಿ, ಸುತ್ತಲಿನ ಕೋಟೋ ವಾರ್ಡಿನ ಕನ್ನಡಿಗರನ್ನೆಲ್ಲ ಸೇರಿಸಿ, ತಿಮ್ಮಪ್ಪನವರಿಗೆ ಒಂದು ಹೊಸ ಕಥೆ ಹೇಳುವವನಿದ್ದ. ಆ ಕಥೆ ಕಾಮಾಕ್ಷಿಯದು.

"ಟೈಟಲ್ ಕಾರ್ಡಲ್ಲಿ 'ಸಹಕಾರ' ಅಂತ ನಿಮ್ ಹೆಸರು ಹಾಕ್ಸೋಣ ಕಾಮಾಕ್ಷಿ ಅವ್ರೇ. ಡೋಂಟ್ ವರಿ," ಎಂದಿದ್ದ ಗಿರಿಧರ್. "ಆಮೇಲೆ ಬಿಸಿಬೇಳೆಬಾತ್ ನಿಮ್ದೇ ಆಗ್ಬೇಕು. ತಿಮ್ಮಪ್ಪನೋರಿಗೆ ಅದಂದ್ರೆ ಪ್ರಾಣ."

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ಗಂಡನ ಕಂಪನಿ ಅವನನ್ನು ಮೈಸೂರಿನಿಂದ ಜಪಾನಿಗೆ ಕಳಿಸಿದಂದಿನಿಂದ ಕಾಮಾಕ್ಷಿ ಗಿರಿಧರನ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದಳು. ಟೋಕಿಯೋದಲ್ಲಿ ಬೆಳಗಾಗುವುದು ಬೆಂಗಳೂರಿಗಿಂತ ಮೊದಲು. ಅಲ್ಲಿ ಕಲಾವಿದರು ಮೇಕಪ್ಪಿಗೆ ಕೂರುವ ಹೊತ್ತಿಗೆ ಇವಳ ದೃಶ್ಯಗಳು ವಾಟ್ಸಾಪಿನಲ್ಲಿ ಬಂದು ಬಿದ್ದಿರುತ್ತಿದ್ದವು. ಅವಳು ಬರೆದ ಬೈಗುಳಗಳನ್ನು ಕರ್ನಾಟಕದ ಅರ್ಧ ಅತ್ತೆಯಂದಿರು ಬಾಯಿಪಾಠ ಮಾಡಿದ್ದರು. ಪರದೆಯ ಮೇಲೆ ಮಾತ್ರ ದಿನವೂ ಬರುತ್ತಿದ್ದದ್ದು ಒಂದೇ ಸಾಲು: ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ, ಗಿರಿಧರ್. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಇಷ್ಟು ವರ್ಷ ಅವಳು ಸಹಿಸಿದ್ದಳು. ಧಾರಾವಾಹಿಯ ಕಥೆ ಹತ್ತು ಜನ ಕೂಡಿ ಕಟ್ಟಿದ್ದು, ಹೋಗಲಿ ಎಂದುಕೊಂಡಿದ್ದಳು. ಆದರೆ ಈ ಹೊಸ ಕಥೆ ಅವಳೊಬ್ಬಳದೇ. ಮದುವೆ ಛತ್ರದ ಅಡುಗೆಯವಳು ನಾಗವೇಣಿಯ ಕಥೆ ಅದು. ಮುಹೂರ್ತದ ದಿನ ಹುಡುಗಿಯ ಅಪ್ಪ ಛತ್ರದ ಮೈಕಿನಲ್ಲೇ ಅವಳ ಮೇಲೆ ಚಿನ್ನದ ಸರ ಕದ್ದ ಆರೋಪ ಹೊರಿಸುತ್ತಾನೆ. ನಾಗವೇಣಿ ಅಡುಗೆಮನೆಗೆ ಒಳಗಿನಿಂದ ಬೀಗ ಜಡಿದು, ಬೀಗದಕೈಯನ್ನು ಕುದಿಯುವ ಹುಳಿಯ ಕೊಳಗಕ್ಕೆ ಹಾಕಿಬಿಡುತ್ತಾಳೆ. ಹೊರಗೆ ಎಲೆ ಹಾಕಿಕೊಂಡು ಕೂತ ಊರು, ಒಳಗೆ ಊಟ. ಇದನ್ನು ಬರೆದವಳು ತಾನು ಎಂದು ಲೋಕಕ್ಕೆ ಗೊತ್ತಾಗಬೇಕು, ಅವಳಿಗೆ ಬೇಕಾಗಿದ್ದು ಅಷ್ಟೇ. ಗಿರಿಧರನಿಗೆ ಕಳಿಸಿದ್ದು ಅಲ್ಲಿಯವರೆಗಿನ ಅರ್ಧ ಮಾತ್ರ. ಹಿಂದಿನ ದೃಶ್ಯ ಒಪ್ಪಿಗೆಯಾಗದೆ ಮುಂದಿನದನ್ನು ಕಳಿಸುವುದಿಲ್ಲ ಎಂಬ ಧಾರಾವಾಹಿಯ ಅಭ್ಯಾಸ ಅವಳದು. "ಸೆಕೆಂಡ್ ಹಾಫ್ ನಾನು ನೋಡ್ಕೋತೀನಿ ಬಿಡಿ," ಎಂದಿದ್ದ ಅವನು.

ಉಳಿದರ್ಧ ಗೊತ್ತಿದ್ದದ್ದು ಜಗತ್ತಿನಲ್ಲಿ ಇನ್ನೊಬ್ಬರಿಗೆ ಮಾತ್ರ. ಕನ್ನಡ ಬಾರದ, ಕಣ್ಣು ಸರಿಯಾಗಿ ಕಾಣದ, ಎಂಬತ್ತು ದಾಟಿದ ಒಬ್ಬ ಅಮೆರಿಕನ್ ಮುದುಕನಿಗೆ.

ರಸೆಲ್ ಡೌಡ್ ಎಂದರೆ ನಿಮಗೆ ಗೊತ್ತಿರಲಾರದು. ಅಮೆರಿಕದವರಿಗೂ ಗೊತ್ತಿಲ್ಲ. ಎರಡು ಕಾದಂಬರಿ ಬರೆದ, ಎರಡೂ ಮಾರಾಟವಾಗಲಿಲ್ಲ. ಎರಡನೆಯದು ಟೋಕಿಯೋದ ರೈಲುಗಳಲ್ಲಿ ಜನ ಮರೆತುಹೋಗುವ ಕೊಡೆಗಳ ಬಗ್ಗೆ. ಅದನ್ನು ಕೊನೆಯ ಪುಟದವರೆಗೆ ಓದಿದ ಏಕೈಕ ಹೆಂಗಸು ನೀನೇ ಎಂದು ಅವನು ಕಾಮಾಕ್ಷಿಗೆ ಹೇಳುತ್ತಿದ್ದ. ಆದರೆ ಅವನು ಬರೆದ ಒಂದು ಸಿನಿಮಾ ಮಾತ್ರ ಲೋಕವೆಲ್ಲ ಸುತ್ತಿತ್ತು. ತಪ್ಪು ಮನುಷ್ಯನನ್ನು ಗಲ್ಲಿಗೇರಿಸಿದೆನೆಂದು ತಿಳಿದ ಶೆರಿಫ್ ಒಬ್ಬ ತನ್ನನ್ನು ತಾನೇ ಜೈಲಿಗೆ ಹಾಕಿಕೊಳ್ಳುವ ಚಿತ್ರ ಅದು. ರಸೆಲ್ ಬರೆದ ಕೊನೆಯಲ್ಲಿ ಶೆರಿಫ್ ಜೈಲಿನಲ್ಲೇ ಉಳಿಯುತ್ತಾನೆ. ಸ್ಟುಡಿಯೋದವರು ಊರವರಿಂದ ಅವನಿಗೆ ಕ್ಷಮೆ ಕೊಡಿಸಿ, ಮದುವೆ ಮಾಡಿಸಿ, ಗಂಟೆ ಬಾರಿಸಿದರು.

ರಸೆಲ್‌ಗೆ ರೇಗಿತು. ಈ ಹೊಲಸಿಗೆ ನನ್ನ ಹೆಸರು ಬೇಡ ಎಂದ. ಹಾಗಾದರೆ ಯಾರ ಹೆಸರು ಹಾಕೋಣ ಎಂದು ಅವರು ಕೇಳಿದಾಗ ಕಿಟಕಿಯಾಚೆ ಮನೆ ಮಾಲೀಕನ ನಾಯಿ ಕಾಲೆತ್ತಿ ನಿಂತಿತ್ತು. ಅದರ ಹೆಸರು ಬಾರ್ನಬಿ, ಮಾಲೀಕನದು ಟಕ್. ಚಿತ್ರ ಗೆದ್ದಿತು. ಬಾರ್ನಬಿ ಟಕ್ ದೊಡ್ಡ ಲೇಖಕನಾದ. ಈಗಲೂ ಚಿತ್ರಕಥೆಯ ಕಾರ್ಯಾಗಾರಗಳಲ್ಲಿ ಆ ನಾಯಿಯ ಹೆಸರು ಹೇಳುತ್ತಾರೆ. ಟೋಕಿಯೋ ಪಕ್ಕದ ಕಾಶಿವಾ ಊರಿನ ವಿಶ್ವವಿದ್ಯಾಲಯದಿಂದ ಬಂದ ಸಂಶೋಧಕನೊಬ್ಬ, ಟಕ್ ಅವರ ಪರಿಚಯ ನಿಮಗಿತ್ತೇ ಎಂದು ರಸೆಲ್‌ನನ್ನೇ ಕೇಳಿದ್ದ. "ಇತ್ತು, ಬಹಳ ಒಳ್ಳೆಯವನು, ಆದರೆ ಕಚ್ಚುತ್ತಿದ್ದ," ಎಂದು ಹೇಳಿ ಕಳಿಸಿದ್ದ ಮುದುಕ. ನೆರೆಯವನಿಗೆ ಅಪಶಕುನವಾಗಲೆಂದು ತನ್ನ ಮೂಗು ಕೊಯ್ದುಕೊಂಡ ಗಾದೆಯನ್ನು ಕಾಮಾಕ್ಷಿ ಅವನಿಗೆ ಹೇಳಿದಾಗ, ಇದನ್ನು ಮೊದಲೇ ಯಾಕೆ ಯಾರೂ ನನಗೆ ಹೇಳಲಿಲ್ಲ ಎಂದು ಮೇಜು ಗುದ್ದಿದ್ದ.

ಅವನನ್ನು ಜಪಾನಿಗೆ ಕರೆತಂದವನು ಕುರಾತಾ ಎಂಬ ಟಿವಿ ಲೇಖಕ. ಇಬ್ಬರೂ ಟೋಕಿಯೋದ ಕಿಬಾದಲ್ಲಿ, ಕಾಲುವೆಯ ಪಕ್ಕ, ಮಸಾಕೊ-ಸಾನ್ ಎಂಬಾಕೆ ನಡೆಸುವ ಹಳೆಯ ಕಾಫಿ ಅಂಗಡಿಯಲ್ಲಿ ಒಂದೇ ಮೇಜಿನ ಎದುರುಬದುರು ಕೂತು ವರ್ಷಾನುಗಟ್ಟಲೆ ಬರೆದರು. ನಿಘಂಟು ಹಿಡಿದು ಒಬ್ಬರ ಬರಹ ಒಬ್ಬರು ಓದಿ, ನಿಘಂಟು ಎಸೆದು ಜಗಳವಾಡಿದರು. ಕುರಾತಾ ಕಾಯಿಲೆ ಬಿದ್ದಾಗ ಅವನ ಕೊನೆಯ ನಾಟಕವನ್ನು ರಸೆಲ್ ಬರೆದು ಮುಗಿಸಿ, ಕುರಾತಾನ ಹೆಸರಲ್ಲೇ ಕಳಿಸಿದ. ಹೆಸರು ಕೊಡುವುದು ಬೇರೆ, ಕಸಿಯುವುದು ಬೇರೆ. ಕೊಟ್ಟವನಿಗೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಕುರಾತಾ ಸತ್ತ ಮೇಲೆ ಆ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಒಂದು ದಿನ ಲ್ಯಾಪ್‌ಟಾಪಿಗೆ ಚಾರ್ಜ್ ಹಾಕಲು ಪ್ಲಗ್ ಹುಡುಕುತ್ತ ಬಂದ ಕಾಮಾಕ್ಷಿ ಸೀದಾ ಅಲ್ಲೇ ಕೂತಳು. ಮಸಾಕೊ-ಸಾನ್ ಗಾಬರಿಯಿಂದ ಬಾಯಿಗೆ ಕೈ ಅಡ್ಡ ಹಿಡಿದರು. ಎದುರಿನ ಮುದುಕ ಮಾತ್ರ, "ಇರಲಿ ಬಿಡಿ, ಆ ಕುರ್ಚಿಗೂ ಬೇಜಾರಾಗಿದೆ," ಎಂದ. ಸ್ನೇಹ ಶುರುವಾದದ್ದು ಹೀಗೆ.

ಸ್ನೇಹವೆಂದರೆ ಜಗಳವೇ. ಅವಳ ಕಥೆಗಳಲ್ಲಿ ಅಳು ಹೆಚ್ಚು ಎಂದು ಅವನು, ಅವನ ಕಾದಂಬರಿಯಲ್ಲಿ ಯಾರೂ ಊಟ ಮಾಡುವುದೇ ಇಲ್ಲ ಎಂದು ಅವಳು. ದೊಡ್ಡ ಜಗಳ ಮಾತ್ರ ಒಂದೇ ವಿಷಯಕ್ಕೆ. ನಮ್ಮ ಸಿನಿಮಾದವರು ಕಥೆಯನ್ನು ಓದುವುದಿಲ್ಲ, ಕೇಳುತ್ತಾರೆ. ನಿರ್ಮಾಪಕರ ಮುಂದೆ ಕೂತು, ಎಲ್ಲ ಪಾತ್ರವೂ ತಾನೇ ಆಗಿ, ಬಾಯಲ್ಲೇ ಹಿನ್ನೆಲೆ ಸಂಗೀತ ಹಾಕಿ, ಗಂಟೆಗಟ್ಟಲೆ ಹೇಳಬೇಕು. ಹೇಳಿದವನದೇ ಕಥೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಮಾತು ಅಲ್ಲಿ ಕಾನೂನಿನ ಹಾಗೆ ನಡೆಯುತ್ತದೆ. ಗಿರಿಧರನಿಗೆ ಬರೆಯಲು ಬಾರದಿದ್ದರೂ ಬಾಯಿತ್ತು, ಕಾಮಾಕ್ಷಿ ಬಾಯಿ ಬಿಡದವಳು. ರಸೆಲ್‌ಗೆ ಈ ಪದ್ಧತಿ ಕೇಳಿಯೇ ಮೈ ಉರಿಯಿತು. ಕಥೆ ಇರುವುದು ಹಾಳೆಯ ಮೇಲೆ, ಬಾಯಲ್ಲಿ ಹೇಳಿದರೆ ಆವಿಯಾಗಿ ಹೋಗುತ್ತದೆ ಎಂದು ವಾದಿಸಿದ.

ಆಮೇಲೆ ಅವನ ಕಣ್ಣು ಮಂಜಾಯಿತು. ಅಕ್ಷರಗಳ ನಡುಭಾಗವೇ ಕಾಣದು. ಕೆಲವು ವಾರ ಬಿಗುಮಾನದಿಂದ ಇದ್ದು, ಕೊನೆಗೆ ಕೇಳಿಕೊಂಡ: "ಸರಿ, ನಿನ್ನ ಅಡುಗೆಯವಳ ಕಥೆ ಬಾಯಲ್ಲೇ ಹೇಳು."

ಕಾಮಾಕ್ಷಿ ಮೊದಲು ತಲೆ ತಗ್ಗಿಸಿ ಪಾಠ ಒಪ್ಪಿಸುವವಳಂತೆ ಹೇಳಿದಳು. "ಕೇಳಿಸುತ್ತಿಲ್ಲ!" ಎಂದು ಅವನು ಕೋಲು ಕುಟ್ಟಿದ. ಮತ್ತೆ ಹೇಳಿದಳು. "ಆ ಅಪ್ಪನ ದನಿ ಹೀಗಿರುತ್ತದೆಯೇ?" ಎಂದ. ಇನ್ನೊಮ್ಮೆ ಹೇಳಿದಳು. ಕಥೆ ಇಂಗ್ಲಿಷಿನಲ್ಲಿ ನಡೆದರೂ ನಾಗವೇಣಿಯ ಮಾತು ಇಂಗ್ಲಿಷಿಗೆ ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ, ಅದಷ್ಟು ಕನ್ನಡದಲ್ಲೇ ಬಂತು. ಹೀಗಾಗಿ ರಸೆಲ್ ಡೌಡ್ ಕಲಿತ ಮೊದಲ ಕನ್ನಡ ವಾಕ್ಯ "ಮುಚ್ಚೋ ಬಾಯಿ" ಎಂಬುದು. ಮಸಾಕೊ-ಸಾನ್ ಕಾಫಿ ಲೋಟ ಒರೆಸುತ್ತ, ಅರ್ಥವಾಗದಿದ್ದರೂ, ಬೀಗದಕೈ ಹುಳಿಗೆ ಬೀಳುವ ಜಾಗದಲ್ಲಿ ಪ್ರತಿ ಸಲವೂ ಉಸಿರು ಹಿಡಿಯುತ್ತಿದ್ದರು. ಅದು ನಿರೂಪಣೆಯ ತಾಲೀಮು ಎಂದು ಮೂವರಿಗೂ ಹೊಳೆದಿರಲಿಲ್ಲ. ಅವಳು ಅದನ್ನು ಗೆಳೆಯನಿಗೆ ಮಾಡುತ್ತಿದ್ದ ಉಪಕಾರ ಎಂದುಕೊಂಡಿದ್ದಳು.

ಆ ಭಾನುವಾರ ಪಾರ್ಟಿ ರೂಮು ತುಂಬಿತ್ತು. ಅರ್ಧ ಜನ ಸಿನಿಮಾಕ್ಕೆ, ಅರ್ಧ ಜನ ಊಟಕ್ಕೆ. ಕಟ್ಟಡದ ಮ್ಯಾನೇಜರ್ ಬಂದು, ಸುಮಿಮಾಸೆನ್, ಕ್ಷಮಿಸಿ, ಐದಕ್ಕೆ ರೂಮು ಬಿಡಬೇಕು ಎಂದು ಬಗ್ಗಿ ಹೇಳಿ ಹೋದ. ರಾಘವೇಂದ್ರ ಬಾತಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಕಾಮಾಕ್ಷಿ ರಸೆಲ್‌ನನ್ನು ಕೈಹಿಡಿದು ಕರೆತಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು.

"ಇವ್ರ್ಯಾರು?" ತಿಮ್ಮಪ್ಪನವರು ಕೇಳಿದರು. ಅರವತ್ತು ದಾಟಿದ, ಬಿಳಿ ಪಂಚೆಯ ಗಟ್ಟಿ ಆಸಾಮಿ.

"ನನ್ ಫ್ರೆಂಡ್ ಸರ್. ರೈಟರ್," ಎಂದಳು.

"ರಿಟೈರ್ಡ್," ಎಂದು ರಸೆಲ್ ತಾನೇ ತಿದ್ದಿದ. ಯಾರು ಕೇಳಿದರೂ ಅವನು ಕೊಡುತ್ತಿದ್ದ ಉತ್ತರ ಅದು.

ಗಿರಿಧರ್ ಎದ್ದು ನಿಂತ. ಒಪ್ಪಲೇಬೇಕು, ಮನುಷ್ಯನ ಕಂಠ ಚೆನ್ನಾಗಿತ್ತು. ಕಾಮಾಕ್ಷಿ ಬರೆದ ಒಂದೊಂದು ಮಾತನ್ನೂ ತನ್ನ ಹೊಟ್ಟೆಯಲ್ಲೇ ಹುಟ್ಟಿದ ಹಾಗೆ ಹೇಳಿದ. ಬೀಗದಕೈ ಹುಳಿಗೆ ಬಿದ್ದಾಗ ಜನ ಚಪ್ಪಾಳೆ ತಟ್ಟಿದರು. "ಇಂಟರ್ವಲ್!" ಎಂದ ಗಿರಿಧರ್, ನೀರು ಕುಡಿದ. ತನ್ನ ಮಗುವಿಗೆ ಬೇರೆಯವರು ನಾಮಕರಣ ಮಾಡುವಾಗ ತೊಟ್ಟಿಲ ಪಕ್ಕ ನಿಂತು ಕಲ್ಲುಸಕ್ಕರೆ ಹಂಚಿದ ಹಾಗಾಯಿತು ಕಾಮಾಕ್ಷಿಗೆ.

ಮುಂದಿನ ಅರ್ಧದಲ್ಲಿ ಸರ ಸಿಕ್ಕಿತು. ಹುಡುಗಿಯ ಅಪ್ಪ ಕಣ್ಣೀರಿಟ್ಟ. ನಾಗವೇಣಿ ಓಡಿ ಬಂದು, "ಅನ್ನಕ್ಕೆ ಬೀಗ ಹಾಕಿದ ಪಾಪಿ ನಾನು, ಕ್ಷಮಿಸಿ ಯಜಮಾನ್ರೇ" ಎಂದು ಅವನ ಕಾಲಿಗೆ ಬಿದ್ದಳು. ಗಿರಿಧರ್ ಕಣ್ಣೊರೆಸಿಕೊಂಡ.

ಕಾಮಾಕ್ಷಿ ಸರಕ್ಕನೆ ಎದ್ದು ಬಾತಿನ ಪಾತ್ರೆಯ ಮುಚ್ಚಳ ಹಾಕಿದಳು. ಪಾತ್ರೆ ಎತ್ತಿಕೊಂಡು ಬಾಗಿಲಿಗೆ ನಡೆದಳು. "ಬೇಡ ಕಣೇ, ಎಲ್ರೂ ನೋಡ್ತಿದಾರೆ," ಎಂದು ರಾಘವೇಂದ್ರ ಪಿಸುಗುಟ್ಟಿದ. ಅವಳು ಬಗ್ಗಿ ರಸೆಲ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು: "ಅವಳನ್ನು ಅವನ ಕಾಲಿಗೆ ಬೀಳಿಸಿದ. ಈ ಹೊಲಸಿಗೆ ನನ್ನ ಹೆಸರೇ ಬೇಡ. ಅವನೇ ಇಟ್ಟುಕೊಳ್ಳಲಿ. ಬನ್ನಿ, ಹೋಗೋಣ."

ರಸೆಲ್ ಏಳಲಿಲ್ಲ. ಕೋಲನ್ನು ಬಾಗಿಲಿಗೆ ಅಡ್ಡ ಇಟ್ಟ.

"ಆ ವಾಕ್ಯ ನನ್ನದು," ಎಂದ. "ಅದನ್ನು ಹೇಳಿ ನಾನು ಹೊರಗೆ ಹೋದೆ. ಅವರಿಗೆ ಬುದ್ಧಿ ಕಲಿಸಿದೆ ಎಂದುಕೊಂಡೆ. ಅವರು ನನಗೆ ಥ್ಯಾಂಕ್ಸ್ ಹೇಳಿದರು, ಗೊತ್ತಾ? ಕೈಕುಲುಕಿ ಥ್ಯಾಂಕ್ಸ್ ಹೇಳಿದರು. ನೀನು ಹೋದರೆ ಅವನಿಗಿಂತ ಖುಷಿಪಡುವವರು ಯಾರೂ ಇಲ್ಲ. ಪಾತ್ರೆ ಕೆಳಗಿಡು. ಹೋಗಿ ಹೇಳು."

ಕಾಮಾಕ್ಷಿಗೆ ಹೆದರಿಕೆಯಾಯಿತು. ಧಾರಾವಾಹಿ ಹೋಗುತ್ತದೆ, ಜನ ನಗುತ್ತಾರೆ, ನಾಳೆಯಿಂದ ಇದೇ ಲಿಫ್ಟಿನಲ್ಲಿ ಇವರನ್ನೇ ನೋಡಬೇಕು. ಎಲ್ಲವೂ ಒಟ್ಟಿಗೇ ಹೊಳೆಯಿತು. ಪಾತ್ರೆಯನ್ನು ಕೆಳಗಿಟ್ಟಳು.

"ಗಿರಿಧರ್ ಅವ್ರೇ, ನಾಗವೇಣಿ ಕ್ಷಮೆ ಕೇಳಲ್ಲ."

ಗಿರಿಧರ್ ನಕ್ಕ. "ಕಾಮಾಕ್ಷಿ ಅವ್ರು ನಮ್ ಟೀಮೇ ಸರ್. ನಾನ್ ಹೇಳಿದ್ದನ್ನ ಟೈಪ್ ಮಾಡ್ಕೊಡ್ತಾರೆ."

"ಟೈಪ್ ಮಾಡೋಳಿಗೆ ಸೆಕೆಂಡ್ ಹಾಫ್ ಗೊತ್ತಿರುತ್ತೆ," ಎಂದಳು ಕಾಮಾಕ್ಷಿ. "ನಿಮ್ಗೆ ಗೊತ್ತಿಲ್ಲ. ಯಾಕಂದ್ರೆ ನಾನಿನ್ನೂ ಕಳ್ಸಿಲ್ಲ. ತಿಮ್ಮಪ್ಪ ಸರ್, ಬಾತು ಬಿಸಿ ಆರೋದ್ರೊಳಗೆ ಹೇಳ್ಬಿಡ್ತೀನಿ. ಕೇಳ್ತೀರಾ?"

ತಿಮ್ಮಪ್ಪನವರು ಪಾತ್ರೆಯನ್ನೊಮ್ಮೆ ಅವಳನ್ನೊಮ್ಮೆ ನೋಡಿದರು. "ಹೇಳಮ್ಮ."

ಹೇಳಿದಳು. ಶುರುವಿನಲ್ಲಿ ದನಿ ನಡುಗಿತು. ಬಾಗಿಲ ಬಳಿ ಕೋಲು ಒಮ್ಮೆ ಕುಟ್ಟಿತು. ಆಮೇಲೆ ಅವಳು ಹಿಂತಿರುಗಿ ನೋಡಲಿಲ್ಲ. ಹುಡುಗಿಯ ಅಪ್ಪನಾದಳು, ಗಡಿಯಾರ ನೋಡುವ ಪುರೋಹಿತನಾದಳು, ಹಸಿದು ಕೂಗುವ ಬೀಗರಾದಳು. ಅಡುಗೆಮನೆಯ ಕಿಟಕಿಯ ಸರಳಿನಾಚೆ ಊರಿಗೆ ಊರೇ ಬಂದು ಬೇಡುತ್ತದೆ. ಸರ ಹುಡುಗಿಯ ಅಪ್ಪನ ಜೇಬಿನಲ್ಲೇ ಸಿಗುತ್ತದೆ. "ಆಯ್ತಲ್ಲ, ಇನ್ನು ಬಾಗ್ಲು ತೆಗಿ" ಎನ್ನುತ್ತಾನೆ ಅವನು. ನಾಗವೇಣಿ ಒಳಗಿನಿಂದ ಹೇಳುತ್ತಾಳೆ, "ಕಳ್ಳಿ ಅಂದಿದ್ದು ಮೈಕಲ್ಲಿ. ಅಲ್ಲ ಅನ್ನೋದೂ ಮೈಕಲ್ಲೇ ಆಗ್ಲಿ."

ಅವಳು ಇದನ್ನು ಹೇಳುವ ಮೊದಲೇ ಬಾಗಿಲ ಬಳಿಯಿಂದ ಒಂದು ನಗು ಕೇಳಿಸಿತು. ಕನ್ನಡ ಬಾರದ ಮುದುಕ, ದನಿಯ ಏರಿಳಿತದಲ್ಲೇ ಜಾಗ ಗುರುತು ಹಿಡಿದು, ಎಲ್ಲರಿಗಿಂತ ಮುಂಚೆ ನಕ್ಕಿದ್ದ. ಜನ ಹಿಂತಿರುಗಿ ನೋಡಿದರು, ಮರುಗಳಿಗೆಯಲ್ಲಿ ಮಾತು ಬಂತು, ರೂಮಿಗೆ ರೂಮೇ ನಕ್ಕಿತು. ಈ ಕಥೆಯನ್ನು ಅವನು ಮೊದಲೇ, ಅನೇಕ ಸಲ, ಈ ಬಾಯಿಂದಲೇ ಕೇಳಿದ್ದಾನೆಂದು ಎಲ್ಲರಿಗೂ ತಿಳಿಯಿತು.

ಹುಡುಗಿಯ ಅಪ್ಪ ಮೈಕಿನಲ್ಲಿ ಹೇಳುತ್ತಾನೆ. ನಾಗವೇಣಿ ಸೌಟಿನಿಂದ ಕೊಳಗದ ತಳ ಕೆದಕಿ ಬೀಗದಕೈ ಎತ್ತುತ್ತಾಳೆ. ಎಲ್ಲರಿಗೂ ಬಡಿಸುತ್ತಾಳೆ, ಅವನಿಗೂ ತನ್ನ ಕೈಯಾರೆ ಬಡಿಸುತ್ತಾಳೆ, ಆದರೆ ಕೊನೆಗೆ. "ಹುಳಿಗೆ ಉಪ್ಪು ಸರಿಯಾಗಿದ್ಯಾ ಯಜಮಾನ್ರೇ?" ಎಂದು ಕೇಳಿ, ಸೆರಗು ಕೊಡವಿ, ಹೊರಟುಹೋಗುತ್ತಾಳೆ.

ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು. ರೂಮು ಖಾಲಿ ಮಾಡಿಸಲು ಬಂದಿದ್ದ ಮ್ಯಾನೇಜರ್ ಕೂಡ ಬಾಗಿಲಲ್ಲೇ ನಿಂತುಬಿಟ್ಟಿದ್ದ.

ತಿಮ್ಮಪ್ಪನವರು ಮೀಸೆ ಸವರಿಕೊಂಡರು. "ಕಥೆ ಯಾರದ್ದು ಅಂತ ಗೊತ್ತಾಯ್ತು. ಆದ್ರೆ ನೋಡಮ್ಮ, ಗಿರಿಧರ್ ಹೆಸರಿಗೆ ಮಾರ್ಕೆಟ್ ಇದೆ."

ಗಿರಿಧರನಿಗೆ ಜೀವ ಬಂತು. "ಎಂಡಿಂಗ್ ಕೂಡ ರಿಸ್ಕ್ ಸರ್. ಬಾರ್ನಬಿ ಟಕ್ ಅಂತ ಲೆಜೆಂಡ್ ರೈಟರ್, ಆ ಶೆರಿಫ್ ಪಿಕ್ಚರ್ ಬರ್ದೋರು. ಲಾಸ್ಟ್ ಸೀನಲ್ಲಿ ಆಡಿಯನ್ಸ್ ಕಣ್ಣೀರು ಒರೆಸ್ಬೇಕು ಅಂತಾರೆ ಅವ್ರು."

ಕನ್ನಡದ ನಡುವೆ ಆ ಹೆಸರು ರಸೆಲ್‌ನ ಕಿವಿಗೆ ಬಿತ್ತು. ಅವನು ಕೋಲೂರಿ ಎದ್ದ.

"ಬಾರ್ನಬಿ ಟಕ್ ಹಾಗೆ ಹೇಳಿಲ್ಲ," ಎಂದ ಇಂಗ್ಲಿಷಿನಲ್ಲಿ. "ಅವನು ಬೊಗಳುತ್ತಿದ್ದ, ಅಷ್ಟೇ. ಅವನು ನಾಯಿ. ಆ ಚಿತ್ರ ಬರೆದವನು ನಾನು. ನನ್ನ ಹೆಸರು ರಸೆಲ್ ಡೌಡ್."

ಅವನು ಇದನ್ನು ಕಾಫಿ ಅಂಗಡಿಯಾಚೆ ಯಾರಿಗೂ ಹೇಳಿದವನಲ್ಲ.

ತಿಮ್ಮಪ್ಪನವರು ನಿಧಾನಕ್ಕೆ ಅವನ ಹತ್ತಿರ ಬಂದರು. ಅವರ ಇಂಗ್ಲಿಷು ಕುಂಟುತ್ತಿತ್ತು, ರಾಘವೇಂದ್ರ ಊರುಗೋಲಾದ. ಮೈಸೂರಿನಲ್ಲಿ ಕಾಲೇಜು ಹುಡುಗನಾಗಿದ್ದಾಗ ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದ್ದೆ ಎಂದರು. "ಒಂದ್ ಮಾತ್ ಕೇಳಿ ಅವ್ರನ್ನ. ಆ ಕೊನೇಲಿ ಮದ್ವೆ ಸೀನು, ಅದು ಇವ್ರು ಬರ್ದಿದ್ದಾ?"

"ಅಲ್ಲ. ನಾನು ಅವನನ್ನು ಜೈಲಿನಲ್ಲೇ ಬಿಟ್ಟಿದ್ದೆ."

"ನಂಗೆ ಆಗ್ಲೇ ಅನ್ಸಿತ್ತು!" ತಿಮ್ಮಪ್ಪನವರು ತೊಡೆ ತಟ್ಟಿದರು. "ಪ್ರತಿ ಸಲ ಮದ್ವೆ ಗಂಟೆಗೆ ಮುಂಚೆ ಎದ್ದು ಬರ್ತಿದ್ದೆ ನಾನು. ಸುಳ್ಳು ಅನ್ಸೋದು." ಕಾಮಾಕ್ಷಿಯ ಕಡೆ ತಿರುಗಿದರು. "ಕಥೆ, ಕಾಮಾಕ್ಷಿ ಅಂತ ಹಾಕ್ಸಿದ್ರೆ ಸಾಕಾ? ಆದ್ರೆ ಮುಂದೆ ಶೂಟಿಂಗಲ್ಲಿ ಅದೂ ಇದೂ ಬದಲಾಗುತ್ತೆ. ಆಗ ಮುನಿಸ್ಕೊಂಡು ನನ್ ಹೆಸರು ತೆಗೀರಿ ಅನ್ಬಾರ್ದು."

"ಅನ್ನಲ್ಲ ಸರ್," ಎಂದಳು ಕಾಮಾಕ್ಷಿ. "ಹೆಸರೂ ಇರುತ್ತೆ, ನಾನೂ ಇರ್ತೀನಿ, ಜಗಳಾನೂ ಇರುತ್ತೆ."

ಆಮೇಲೆ ಬಾತು ಬಡಿಸಿದಳು. ಎಲ್ಲರಿಗೂ ಬಡಿಸಿದಳು, ಮ್ಯಾನೇಜರಿಗೂ ಒಂದು ಬಟ್ಟಲು ಕೊಟ್ಟಳು. ಗಿರಿಧರನಿಗೂ ತನ್ನ ಕೈಯಾರೆ ಬಡಿಸಿದಳು, ಕೊನೆಗೆ.

ಮರುವಾರವೇ ಧಾರಾವಾಹಿಯಿಂದ ಅವಳನ್ನು ಬಿಡಿಸಿದರು. ಹೊಸ ಬರಹಗಾರ್ತಿಯ ಅತ್ತೆಯಂದಿರು ತೀರಾ ಮೆತ್ತಗಾದರೆಂದು ಊರಿನಿಂದ ಸುದ್ದಿ ಬಂತು, ಕಾಮಾಕ್ಷಿಗೆ ಅದರಿಂದ ಸಂತೋಷವಾಯಿತು, ಅದನ್ನು ಅವಳು ಮುಚ್ಚಿಡಲಿಲ್ಲ. ತಿಮ್ಮಪ್ಪನವರ ಚಿತ್ರದ ಮೊದಲ ಪೋಸ್ಟರ್ ಬಂದಾಗ ಅವಳ ಹೆಸರು ಇರುವೆ ಸಾಲಿನಷ್ಟು ಸಣ್ಣಗಿತ್ತು. ಅವತ್ತೇ ಫೋನು ಮಾಡಿ ಜಗಳವಾಡಿದಳು. ಎರಡನೆಯ ಪೋಸ್ಟರಿನಲ್ಲಿ ಅಕ್ಷರ ಸ್ವಲ್ಪ ಬೆಳೆಯಿತು. ಮೂರನೆಯದಕ್ಕೂ ಜಗಳ ಸಿದ್ಧವಾಗಿದೆ.

ಈಗ ಶನಿವಾರಗಳಂದು ಕಿಬಾದ ಕಾಫಿ ಅಂಗಡಿಯಲ್ಲಿ ಕೆಲಸ ಅದಲುಬದಲಾಗಿದೆ. ರಸೆಲ್ ತನ್ನ ಮೂರನೆಯ ಕಾದಂಬರಿಯನ್ನು ಬಾಯಲ್ಲಿ ಹೇಳುತ್ತಾನೆ, ಕುರಾತಾನ ಕುರ್ಚಿಯಲ್ಲಿ ಕೂತು ಕಾಮಾಕ್ಷಿ ಟೈಪ್ ಮಾಡುತ್ತಾಳೆ. ಈ ಕಾದಂಬರಿಯಲ್ಲಿ ಜನ ಊಟ ಮಾಡುತ್ತಾರೆ. ಮೊದಲ ದಿನ ಅವನು ಗಂಟಲು ಸರಿಮಾಡಿಕೊಂಡು ಶುರು ಮಾಡುವಷ್ಟರಲ್ಲಿ ಅವಳು ತಡೆದಳು.

"ಮೊದಲು ಮುಖಪುಟ," ಎಂದಳು. "ಯಾರ ಹೆಸರು ಹಾಕಲಿ? ನಾಯಿಯದಾ?"

ಲೋಟಗಳು ಅದುರುವಂತೆ ರಸೆಲ್ ಕೋಲು ಕುಟ್ಟಿದ. "ಮುಚ್ಚೋ ಬಾಯಿ," ಎಂದ ಅಚ್ಚ ಕನ್ನಡದಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ, ಒಂದೊಂದೇ ಅಕ್ಷರ ಬಿಡಿಸಿ, ತನ್ನ ಹೆಸರು ಹೇಳಿ ಬರೆಸಿದ.